ಮಕ್ಕಳ ಹವ್ಯಾಸಕ್ಕೆ ಬಹುಮಾನದ ಆಸೆ ತೋರಿಸಬೇಡಿ
ಮುಂಬೈನ ಮಾಟುಂಗಾ, ಡೊಂಬಿವಲಿ ಕಡೆಯ ಅಪ್ಪ ಅಮ್ಮಂದಿರೇ, ಭಾನುವಾರದ ಯಕ್ಷಗಾನ ಕ್ಲಾಸಿಗೆ "ಹೋದರೆ ಐಸ್‌ಕ್ರೀಮ್ ಕೊಡಿಸ್ತೀನಿ" ಅನ್ನಬೇಡಿ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ನೋಡಿ. ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೊಟ್ಟರು ಕೂಡ. ಆಮೇಲೆ ಬಿಡುವಿನಲ್ಲಿ ಆ ಮಕ್ಕಳು ಸ್ಕೆಚ್ ಪೆನ್ ಹಿಡಿದದ್ದು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ! ಮೊದಲೇ ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹೀಗಾಗಲಿಲ್ಲ.

ಇಷ್ಟವಿಲ್ಲದ ಕೆಲಸದ ಮಾತು ಬೇರೆ. ಮಗುವಿಗೆ ಕುಣಿಯೋದು ಈಗಾಗಲೇ ಇಷ್ಟ ಅಲ್ವಾ? ಲೋಕಲ್‌ನಲ್ಲಿ ವಾಪಸ್ ಬರುವಾಗ "ಇವತ್ತು ಯಾವ ಹೆಜ್ಜೆ ಕಲಿತೆ?" ಅಂತ ಕೇಳಿ. ಸರ್ಟಿಫಿಕೇಟ್ ಮಾತು ಸುಮ್ನೆ ಎತ್ತಬೇಡಿ. ಜೊತೆಗೆ ಕಲಿಯುವ ಗೆಳೆಯರನ್ನು ಆಗಾಗ ಮನೆಗೆ ಕರೆಯಿರಿ.