ಆರ್‌ಸಿ ವಿಮಾನಕ್ಕೆ ಬ್ಯಾಟರಿ, ಚಾರ್ಜರ್: ನಾನು ಹಾಕುವ ಲೆಕ್ಕ

ಆರ್‌ಸಿ ವಿಮಾನವೆಂದರೆ ನೆಲದ ಮೇಲೆ ನಿಂತು ರೇಡಿಯೋ ರಿಮೋಟಿನಲ್ಲಿ ಹಾರಿಸುವ ಮಾದರಿ ವಿಮಾನ, ಅದಕ್ಕೆ ಹಾಕುವುದು ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಬ್ಯಾಟರಿ ಕೊಳ್ಳುವ ಮುಂಚೆ ವಿಮಾನ ಎಷ್ಟು ಆಂಪ್ ಎಳೆಯುತ್ತದೆ ಅನ್ನುವುದು ಗೊತ್ತಿರಬೇಕು. ಹೊಸಬರು ಹೆಚ್ಚಾಗಿ ದೊಡ್ಡ ಬ್ಯಾಟರಿಯನ್ನೇ ಮೊದಲು ತರಿಸಿಬಿಡುತ್ತಾರೆ. ಅದು ವಿಮಾನದ ಹೊಟ್ಟೆಯಲ್ಲಿ ಹಿಡಿಯುವುದಿಲ್ಲ, ಹಿಡಿದರೂ ಮೂಗು ಭಾರವಾಗುತ್ತದೆ. ಕಲಿಯುವವರು ಕಟ್ಟುವ ಒಂದು ವಿಮಾನವನ್ನೇ ಇಟ್ಟುಕೊಂಡು ಲೆಕ್ಕ ಹೇಳುತ್ತೇನೆ. ಬ್ಯಾಟರಿಯೂ ಸೇರಿ ತೂಕ 900 ಗ್ರಾಂ, ಮೋಟರ್ 2212 ಅಳತೆಯ 1000 ಕೆವಿ (ಹೊರೆಯಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು), ಪ್ರೊಪೆಲ್ಲರ್ 10 ಇಂಚು ಉದ್ದ, 4.5 ಇಂಚು ಪಿಚ್ (ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ), ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸರ್ಕಿಟ್) 30 ಆಂಪ್.

ಬ್ಯಾಟರಿಗೂ ಇಎಸ್‌ಸಿಗೂ ನಡುವೆ ವ್ಯಾಟ್‌ಮೀಟರ್ ಸಿಕ್ಕಿಸಿ, ವಿಮಾನವನ್ನು ಹಿಂದಿನಿಂದ ಒಬ್ಬರ ಕೈಲಿ ಭದ್ರವಾಗಿ ಹಿಡಿಸುತ್ತೇನೆ. ಪ್ರೊಪೆಲ್ಲರಿನ ಮುಂದಾಗಲಿ ಪಕ್ಕದಲ್ಲಾಗಲಿ ಯಾರೂ ನಿಲ್ಲಬಾರದು. ಐದು ಸೆಕೆಂಡು ಪೂರ್ತಿ ಥ್ರಾಟಲ್ ಕೊಟ್ಟರೆ 3ಎಸ್ (ಮೂರು ಸೆಲ್ ಸಾಲಾಗಿ ಜೋಡಿಸಿದ) ಬ್ಯಾಟರಿಯಲ್ಲಿ ಸುಮಾರು 16 ಆಂಪ್ ತೋರಿಸುತ್ತದೆ. ಆ ಹೊತ್ತಿಗೆ ವೋಲ್ಟೇಜ್ 11ಕ್ಕೆ ಇಳಿದಿರುತ್ತದೆ, ಅಂದರೆ 176 ವ್ಯಾಟ್. ಕಿಲೋ ತೂಕಕ್ಕೆ 195 ವ್ಯಾಟ್ ಬಿತ್ತು. ಕಲಿಯುವ ವಿಮಾನಕ್ಕೆ 150 ಇದ್ದರೂ ಸಾಕು, ಹಾಗಾಗಿ 3ಎಸ್ ಇದಕ್ಕೆ ಸರಿಯಾದ ಆಯ್ಕೆ. 4ಎಸ್ ಹಾಕಬೇಕೆಂದರೆ ಪ್ರೊಪೆಲ್ಲರ್ ಚಿಕ್ಕದು ಮಾಡಬೇಕು. ಅದೇ ಪ್ರೊಪೆಲ್ಲರ್ ಇಟ್ಟರೆ ಆಂಪ್ ಏರಿ ಮೊದಲು ಮೋಟರ್ ಸುಡುತ್ತದೆ. ಅಗ್ಗದ ಇಎಸ್‌ಸಿಯೊಳಗಿನ ಲೀನಿಯರ್ ಬಿಇಸಿ (ಹೆಚ್ಚುವರಿ ವೋಲ್ಟೇಜನ್ನು ಬಿಸಿಯಾಗಿ ಕಳೆದು ರಿಸೀವರಿಗೆ ಕರೆಂಟ್ ಕೊಡುವ ಭಾಗ) ಕೂಡ 4ಎಸ್‌ನಲ್ಲಿ ವಿಪರೀತ ಕಾಯುತ್ತದೆ. ಅದು ಕೈಕೊಟ್ಟರೆ ರಿಸೀವರ್, ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ತಿರುಗಿಸುವ ಸಣ್ಣ ಮೋಟರ್) ಎರಡಕ್ಕೂ ಕರೆಂಟ್ ಇಲ್ಲ, ವಿಮಾನ ನಿಮ್ಮ ಮಾತು ಕೇಳುವುದಿಲ್ಲ.

ಇನ್ನು ಬ್ಯಾಟರಿಯ ಮೇಲೆ ಅಚ್ಚಾದ ಸಿ ಅಂಕಿ, ಅಂದರೆ ಸಾಮರ್ಥ್ಯದ ಎಷ್ಟು ಪಟ್ಟು ಆಂಪ್ ಎಳೆಯಬಹುದು ಅನ್ನುವುದು. 2200 ಎಂಎಎಚ್ (2.2 ಆಂಪ್-ಗಂಟೆ ಸಾಮರ್ಥ್ಯ), 25ಸಿ ಅಂದರೆ 2.2 ಗುಣಿಸು 25, 55 ಆಂಪ್ ಕೊಡುತ್ತದೆ ಎಂದು ಕಂಪನಿ ಹೇಳಿಕೊಂಡಂತೆ. ನಾನು ಅದರ ಅರ್ಧ ಮಾತ್ರ ನಂಬುತ್ತೇನೆ. ಅರ್ಧ ಹಿಡಿದರೂ 27 ಆಂಪ್ ಆಯಿತು, ನಮಗೆ ಬೇಕಿರುವುದು 16. ಇಲ್ಲಿ 60ಸಿ ಪ್ಯಾಕ್ ತಂದರೆ ದುಡ್ಡೂ ಹೆಚ್ಚು, ತೂಕವೂ ಹೆಚ್ಚು, ಹಾರಾಟದಲ್ಲಿ ಸಿಗುವುದು ಏನೂ ಇಲ್ಲ. 40 ಆಂಪ್ ಎಳೆಯುವ 3ಡಿ (ಗಾಳಿಯಲ್ಲಿ ಕಸರತ್ತು ಮಾಡುವ) ವಿಮಾನದ ಮಾತು ಬೇರೆ. ಅದಕ್ಕೆ 2200ರಲ್ಲೇ 40ಸಿಗೆ ಕಮ್ಮಿಯಿಲ್ಲದ್ದು ಬೇಕು.

ಸಾಮಾನ್ಯ 2200 3ಎಸ್ ಪ್ಯಾಕ್ 180 ಗ್ರಾಂ ಆಸುಪಾಸು ತೂಗುತ್ತದೆ, 3300ರದ್ದು 270ರ ಹತ್ತಿರ. ಆ 90 ಗ್ರಾಂ ಈ ವಿಮಾನದ ತೂಕದಲ್ಲಿ ಹತ್ತನೇ ಒಂದು ಪಾಲು. ಇಳಿಯುವ ವೇಗ ಹೆಚ್ಚುತ್ತದೆ, ಗುರುತ್ವ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಹೆಚ್ಚು ಹೊತ್ತು ಹಾರಿಸಬೇಕೆಂದರೆ ದೊಡ್ಡದೊಂದರ ಬದಲು 2200ರ ಎರಡು ಪ್ಯಾಕ್ ಕೊಳ್ಳಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎರಡೂ ಒಂದೇ ತೂಕದ್ದಾಗಿರಲಿ. ವೆಲ್ಕ್ರೋ ಮೇಲೆ ಒಂದು ಗೆರೆ ಹಾಕಿಟ್ಟುಕೊಂಡರೆ ಪ್ರತಿಸಲವೂ ಅದೇ ಜಾಗದಲ್ಲಿ ಕೂರಿಸಬಹುದು.

ಟೈಮರ್ ಎಷ್ಟಕ್ಕೆ ಇಡಬೇಕೆಂಬುದನ್ನು ಚಾರ್ಜರೇ ಹೇಳಿಕೊಡುತ್ತದೆ. ಮೊದಲ ಸಲ 6 ನಿಮಿಷಕ್ಕೆ ಇಳಿಸುತ್ತೇನೆ. ಆಮೇಲೆ ಚಾರ್ಜ್ ಹಾಕಿ, ವಾಪಸ್ ಎಷ್ಟು ಎಂಎಎಚ್ ತುಂಬಿತು ಎಂದು ಪರದೆಯಲ್ಲಿ ನೋಡುತ್ತೇನೆ. 1140 ತುಂಬಿತು ಅನ್ನಿ, ನಿಮಿಷಕ್ಕೆ 190 ಖರ್ಚಾಗಿದೆ. 2200ರಲ್ಲಿ ಶೇ. 80 ಮಾತ್ರ ಬಳಸಬೇಕು, ಅದು 1760. ಭಾಗಿಸಿದರೆ 9 ನಿಮಿಷದ ಮೇಲೆ ಸ್ವಲ್ಪ ಬರುತ್ತದೆ. ಟೈಮರ್ 8ಕ್ಕೆ ಇಡುತ್ತೇನೆ, ಉಳಿದದ್ದು ಇಳಿಸುವಾಗ ಇನ್ನೊಂದು ಸುತ್ತು ಬೇಕಾದರೆ ಇರಲಿ ಎಂದು. ಆಷಾಢದ ಗಾಳಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಎದುರುಗಾಳಿಗೆ ವಾಪಸ್ ಬರಲು ಥ್ರಾಟಲ್ ಏರಿಸಿಯೇ ಇರಬೇಕಾಗುತ್ತದೆ, ಆಗ 6 ನಿಮಿಷಕ್ಕೆ ಇಳಿಸಿಬಿಡಿ. ಧನುರ್ಮಾಸದ ಬೆಳಗ್ಗೆ ಗಾಳಿಯಿಲ್ಲ, ಹಾರಿಸಲು ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ಆದರೆ ತಣ್ಣಗಿರುವ ಬ್ಯಾಟರಿಯ ಒಳರೋಧ ಹೆಚ್ಚಿರುತ್ತದೆ. ಮೊದಲ ಒಂದು ನಿಮಿಷ ಮೆತ್ತಗೆ ಹಾರಿಸಬೇಕು.

ಇಎಸ್‌ಸಿ ತಾನಾಗಿ ಮೋಟರ್ ನಿಲ್ಲಿಸುತ್ತದಲ್ಲ ಎಂದು ನಂಬಿ ಕೂರಬೇಡಿ. ಅದು ಒಟ್ಟು ವೋಲ್ಟೇಜ್ ನೋಡುತ್ತದೆಯೇ ಹೊರತು ಒಂದೊಂದು ಸೆಲ್ಲನ್ನಲ್ಲ. ಎರಡು ಸೆಲ್ 3.5ರಲ್ಲಿದ್ದು ಮೂರನೆಯದು 2.8ಕ್ಕೆ ಕುಸಿದರೂ ಅದಕ್ಕೆ ಕಾಣುವುದು 9.8 ಮಾತ್ರ. ಬ್ಯಾಲೆನ್ಸ್ ಪ್ಲಗ್ಗಿಗೆ (ಪ್ರತಿ ಸೆಲ್ಲಿನಿಂದ ತಂತಿ ಬರುವ ಸಣ್ಣ ಪ್ಲಗ್) ಸಿಕ್ಕಿಸುವ ಸಣ್ಣ ಬಜರ್ ಒಂದೊಂದೇ ಸೆಲ್ ನೋಡಿ ಕೂಗುತ್ತದೆ, ಅದನ್ನು 3.5ಕ್ಕೆ ಇಡುತ್ತೇನೆ. ಇಳಿದು ಐದು ನಿಮಿಷ ಬಿಟ್ಟು ಅಳೆದಾಗ ಪ್ರತಿ ಸೆಲ್ 3.7ರ ಮೇಲಿರಬೇಕು.

ಚಾರ್ಜರಿಗೆ ಬರೋಣ. 2200 ಪ್ಯಾಕನ್ನು 1ಸಿ, ಅಂದರೆ 2.2 ಆಂಪ್‌ನಲ್ಲಿ ತುಂಬಿಸುವುದು. ತುಂಬಿದ ವೋಲ್ಟೇಜ್ 12.6, ಗುಣಿಸಿದರೆ 28 ವ್ಯಾಟ್. 50 ವ್ಯಾಟಿನ ಬಿ6 ಮಾದರಿಯ ಬ್ಯಾಲೆನ್ಸ್ ಚಾರ್ಜರ್ (ಸೆಲ್ಲುಗಳನ್ನೆಲ್ಲ ಸಮನಾಗಿ ತುಂಬಿಸುವಂಥದ್ದು) ಧಾರಾಳ. ಕೆಂಪು-ಹಸಿರು ದೀಪ ಮಾತ್ರ ಇರುವ ಬಿ3 ಅಗ್ಗ, ಆದರೆ ಇದೇ ಪ್ಯಾಕಿಗೆ ಸುಮಾರು ಮೂರು ಗಂಟೆ ಹಿಡಿಯುತ್ತದೆ. ಎಷ್ಟು ತುಂಬಿತು ಎಂದು ತೋರಿಸುವುದಿಲ್ಲ, ಹಾರಿಸದೆ ಇಡುವ ಮಟ್ಟಕ್ಕೆ ಬ್ಯಾಟರಿಯನ್ನು ತರುವ ಸ್ಟೋರೇಜ್ ಮೋಡೂ ಇಲ್ಲ. ಕೊಳ್ಳಬೇಡಿ. 12 ವೋಲ್ಟ್ ಬೇಡುವ ಚಾರ್ಜರಿಗೆ ಎಲ್‌ಇಡಿ ಪಟ್ಟಿಗೆ ಹಾಕುವ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ) ಸಾಕಾಗುತ್ತದೆ. 5 ಆಂಪಿನದು ಅಂಚಿನಲ್ಲಿ ನಿಲ್ಲುತ್ತದೆ, 10 ಆಂಪಿನದೇ ತನ್ನಿ. 230 ವೋಲ್ಟ್ ಬರುವ ಅದರ ತಿರುಪುಗಳು ತೆರೆದಿರುತ್ತವೆ, ಮುಚ್ಚಳ ಹಾಕದೆ ಬಳಸಬೇಡಿ.

ನಕಲಿ ಬಿ6 ಬಹಳ ಇವೆ. ಹೊಸ ಚಾರ್ಜರ್ ಬಂದ ಕೂಡಲೇ ಒಂದು ಪ್ಯಾಕ್ ಪೂರ್ತಿ ತುಂಬಿಸಿ, ಒಳ್ಳೆಯ ಮಲ್ಟಿಮೀಟರಿನಲ್ಲಿ ಬ್ಯಾಲೆನ್ಸ್ ಪ್ಲಗ್ ಅಳೆಯುತ್ತೇನೆ. ಕಪ್ಪು ತಂತಿಯಿಂದ ಎಣಿಸಿದರೆ 4.2, 8.4, 12.6 ಸಿಗಬೇಕು. ಪರದೆಯಲ್ಲಿ 4.20 ಎಂದಿದ್ದು ಮೀಟರಿನಲ್ಲಿ 4.25 ಬಂದರೆ ಆ ಚಾರ್ಜರ್ ಬೇಡ. ಅಳೆಯುವಾಗ ಕೈ ನಡುಗಬಾರದು. ಪ್ಲಗ್ಗಿನ ಪಿನ್ನುಗಳ ನಡುವೆ ಎರಡೂವರೆ ಮಿಲಿಮೀಟರ್ ಮಾತ್ರ ಅಂತರ, ಪ್ರೋಬ್ ಜಾರಿ ಎರಡಕ್ಕೂ ತಾಗಿದರೆ ಕಿಡಿ ಹಾರಿ ಪಿನ್ ಕರಗುತ್ತದೆ. ಪ್ರೋಬಿನ ತುದಿ ಮಾತ್ರ ಬಿಟ್ಟು ಉಳಿದ ಲೋಹಕ್ಕೆಲ್ಲ ಟೇಪ್ ಸುತ್ತಿಕೊಂಡಿರುತ್ತೇನೆ.

ಸ್ಟಾರ್ಟ್ ಒತ್ತುವ ಮುಂಚೆ ಬ್ಯಾಟರಿಯ ವಿಧ, ಸೆಲ್ ಎಣಿಕೆ, ಆಂಪ್ ಮೂರನ್ನೂ ಬಾಯಿಬಿಟ್ಟು ಓದಿಕೊಳ್ಳಿ. ಟ್ರಾನ್ಸ್‌ಮಿಟರಿನ ನಿಕಲ್ ಸೆಲ್ ತುಂಬಿಸಿದ ಮೇಲೆ ಚಾರ್ಜರ್ ಅದೇ ಮೋಡಿನಲ್ಲಿ ಉಳಿದಿರಬಹುದು. ಲಿಪೋವನ್ನು ನಿಕಲ್ ಮೋಡಿನಲ್ಲಿ ತುಂಬಿಸಿದರೆ ಚಾರ್ಜರ್ 4.2ಕ್ಕೆ ನಿಲ್ಲುವುದಿಲ್ಲ, ಬೆಂಕಿ ಹತ್ತುತ್ತದೆ. ತುಂಬಿಸುವುದು ಸಿಮೆಂಟ್ ನೆಲದ ಮೇಲೆ, ಅಗಲ ಬಾಯಿಯ ಮಣ್ಣಿನ ಕುಂಡದೊಳಗೆ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇಟ್ಟುಕೊಂಡು. ಹಾಕಿ ಮಲಗುವ ಮಾತೇ ಇಲ್ಲ. ಹಳ್ಳಿ ಕಡೆ ಕರೆಂಟ್ ಹೋಗಿ ಬಂದರೆ ಚಾರ್ಜರ್ ಮೊದಲಿನ ಮೆನುವಿಗೆ ಬಂದು ಕೂತಿರುತ್ತದೆ. ಅರ್ಧ ತುಂಬಿದ ಪ್ಯಾಕನ್ನು ತುಂಬಿದೆ ಎಂದುಕೊಂಡು ಹಾರಿಸಬೇಡಿ.

ನಾನು ನೋಡಿದ ಊದಿದ ಪ್ಯಾಕುಗಳಲ್ಲಿ ಹೆಚ್ಚಿನವು ಮನೆಯಲ್ಲಿ ತುಂಬಿ ಇಟ್ಟದ್ದರಿಂದ ಊದಿದವು. ಶನಿವಾರ ರಾತ್ರಿ ನಾಲ್ಕು ಪ್ಯಾಕ್ ತುಂಬಿಸಿಡುತ್ತಾರೆ, ಭಾನುವಾರ ಮಳೆ, ಮುಂದಿನ ವಾರ ಮದುವೆ. ಮೂರು ವಾರ 4.2ರಲ್ಲೇ ನಿಂತ ಸೆಲ್ಲಿನೊಳಗೆ ಎಲೆಕ್ಟ್ರೊಲೈಟ್ ಕೆಟ್ಟು ಅನಿಲವಾಗುತ್ತದೆ. ಮೈಸೂರು, ಮಂಡ್ಯದ ಮಾರ್ಚ್-ಏಪ್ರಿಲ್ ಸೆಕೆಯಲ್ಲಿ ಇದು ಇನ್ನೂ ಬೇಗ, ಬಿಸಿಲಲ್ಲಿ ನಿಂತ ಕಾರಿನೊಳಗಂತೂ ಕೇಳಲೇಬೇಡಿ. ಹಾರಿಸುವ ದಿನ ಬೆಳಗ್ಗೆಯೇ ತುಂಬಿಸಿ. ಹಾರಿಸದೆ ಉಳಿದದ್ದನ್ನು ಅಂದೇ ಸೆಲ್ಲಿಗೆ 3.8ರಿಂದ 3.85ಕ್ಕೆ ಇಳಿಸಿ. ಬಿ6ನ ಸ್ಟೋರೇಜ್ ಮೋಡ್ 5 ವ್ಯಾಟಿನಲ್ಲಿ ಮಾತ್ರ ಇಳಿಸುತ್ತದೆ, ತುಂಬಿದ 2200ಕ್ಕೆ ಮೂರು ಗಂಟೆಯ ಹತ್ತಿರ. ಬೈಕಿನ ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬಿಗೆ ಕನೆಕ್ಟರ್ ಬೆಸೆದು ಹಚ್ಚಿದರೆ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಬಜರನ್ನು 3.8ಕ್ಕೆ ಇಟ್ಟು ಸಿಕ್ಕಿಸಿ, ಅಲ್ಲೇ ಕೂತಿರಿ, ಬಲ್ಬ್ ಮುಟ್ಟಬೇಡಿ.

ಮಂಡ್ಯದ ಕಡೆ ಹಾರಿಸುವವರಿಗೆ ಇದೊಂದು ವಿಶೇಷವಾಗಿ ಹೇಳಬೇಕು. ಕಟಾವಾದ ಕಬ್ಬಿನ ಗದ್ದೆಯಲ್ಲಿ ಮೊಣಕಾಲೆತ್ತರ ಒಣ ತರಗು ಇರುತ್ತದೆ. ಮೂಗು ಕೆಳಗಾಗಿ ಬಿದ್ದ ವಿಮಾನದಲ್ಲಿ ಮೊದಲು ಜಜ್ಜುವುದು ಬ್ಯಾಟರಿ. ಓಡಿಹೋಗಿ ಮೊದಲು ಕನೆಕ್ಟರ್ ಬಿಚ್ಚಿ, ಬ್ಯಾಟರಿಯನ್ನು ತರಗಿನಿಂದಾಚೆ ಬರಿ ಮಣ್ಣಿನ ಮೇಲಿಡಿ. ಆಗಲೇ ಹೊಗೆ, ಸಿಹಿ ವಾಸನೆ ಬರುತ್ತಿದ್ದರೆ ಕೈಹಾಕಬೇಡಿ, ಸುತ್ತಲಿನ ತರಗು ಸರಿಸಿ ಮಣ್ಣು ಎರಚಿ. ಒಳಗೆ ಶಾರ್ಟ್ ಆದ ಸೆಲ್ ಹೊತ್ತಿಕೊಳ್ಳಲು ಅರ್ಧ ಗಂಟೆಯೂ ಹಿಡಿಯಬಹುದು, ಹಾಗಾಗಿ ಕೂಡಲೇ ಕಾರಿಗೆ ಹಾಕಬಾರದು. ಜಜ್ಜಿದ ಪ್ಯಾಕ್ ನೋಡಲು ಚೆನ್ನಾಗಿದ್ದರೂ ಮತ್ತೆ ಚಾರ್ಜ್ ಹಾಕುವುದಿಲ್ಲ.

ಹಳೆಯದಾದ ಪ್ಯಾಕನ್ನು ಅದೇ ಬಲ್ಬಿಗೆ ಮನೆಯ ಹೊರಗೆ ಹಚ್ಚಿ ಪೂರ್ತಿ ಸೊನ್ನೆಗೆ ಇಳಿಸುತ್ತೇನೆ. ಉಪ್ಪುನೀರಿನಲ್ಲಿ ಮುಳುಗಿಸಿದರೆ ತಂತಿಯ ಬುಡ ಮೊದಲು ತುಕ್ಕು ಹಿಡಿದು ಕಳಚಿ, ಸೆಲ್ಲಿನಲ್ಲಿ ಚಾರ್ಜ್ ಹಾಗೇ ಉಳಿಯಬಹುದು. ಆಮೇಲೆ ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಕೊಳ್ಳುವವರಿಗೆ ಕೊಡುವುದು. ಕಸದ ಗಾಡಿಗೆ ಹಾಕಿದರೆ ಅದು ಒತ್ತುವ ಯಂತ್ರದಲ್ಲಿ ಜಜ್ಜಿ ಹೊತ್ತಿಕೊಳ್ಳಬಹುದು, ಆಗ ಪಕ್ಕದಲ್ಲಿ ನಿಂತಿರುವವರು ಪೌರಕಾರ್ಮಿಕರು.