ಇಪ್ಪತ್ತೊಂದು ಅಂಕಿಯ ಬಾಕಿ

ವಿಜಯಪುರದ ಎಪಿಎಂಸಿಯಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುವುದು ನನ್ನ ಕೆಲಸ. ಆವಕ ಇಲ್ಲದ ದಿನ ಮಧ್ಯಾಹ್ನದ ಮೇಲೆ ನೊಣ ಹೊಡೆಯುತ್ತ ಕೂಡಬೇಕು. ಅಂಥದೊಂದು ದಿನ ನನಗೆ ಗಂಟುಬಿದ್ದ ಸಂಖ್ಯೆ 14,75,73,95,25,89,67,64,12,927. ಎರಡರ 67ನೇ ಘಾತದಲ್ಲಿ ಒಂದು ಕಳೆದರೆ ಬರುವುದು ಇದೇ. ಚದುರಂಗದ ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಕಾಳಿಡುವ ಕತೆ ಗೊತ್ತಲ್ಲ? ಅಂಥ ಎಂಟು ಹಾಸು ತುಂಬಿ, ಮೇಲೆ ಏಳು ಕಾಳು ಜೋಳ ಇಟ್ಟರೆ ಇಷ್ಟಾಗುತ್ತದೆ.

1644ರಲ್ಲಿ ಫ್ರಾನ್ಸಿನ ಗಣಿತಜ್ಞ ಮರ್ಸೆನ್ ಇದನ್ನು ಅವಿಭಾಜ್ಯ ಎಂದು ಪಟ್ಟಿಗೆ ಸೇರಿಸಿದ್ದ. 1876ರಲ್ಲಿ ಲೂಕಾ ಎಂಬ ಗಣಿತಜ್ಞ ಅದು ಸಂಯುಕ್ತ ಸಂಖ್ಯೆ ಎಂದು ತೋರಿಸಿದ, ಅಪವರ್ತನ ಮಾತ್ರ ಕೊಡಲಿಲ್ಲ. ತಿಜೋರಿಯಲ್ಲಿ ರೊಕ್ಕ ಕಡಿಮೆ ಬಿದ್ದದ್ದು ಖಾತ್ರಿ, ಎಲ್ಲಿ ಸೋರಿತೋ ಗೊತ್ತಿಲ್ಲ ಅಂದಂತೆ! 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅಪವರ್ತನ ಕೊಟ್ಟ: 19,37,07,721 ಮತ್ತು 7,61,83,82,57,287. ನ್ಯೂಯಾರ್ಕಿನ ಸಭೆಯಲ್ಲಿ ತುಟಿ ಬಿಚ್ಚದೆ ಹಲಗೆಯ ಮೇಲೆ ಗುಣಿಸಿ ತೋರಿಸಿ ಹೋಗಿ ಕೂತನಂತೆ.

ಅವನು ಗುಣಿಸಿದ್ದನ್ನು ನಾನೂ ಗುಣಿಸಬೇಕು ಅನ್ನಿಸಿತು. ಹಳೇ ಕಿರ್ದಿಯ ಖಾಲಿ ಹಾಳೆಯಲ್ಲಿ ಮನೆಗೊಂದು ಅಂಕಿ ಇಡುತ್ತ ಹೋದೆ. ಚಿಕ್ಕ ಸಂಖ್ಯೆಯಲ್ಲಿ ಏಳು ಮೂರು ಸಲ, ಒಂದು ಎರಡು ಸಲ ಬರುತ್ತವೆ. ಹಾಗಾಗಿ ನಿಜಕ್ಕೂ ಗುಣಿಸಬೇಕಾದ್ದು 2, 3, 7, 9ರಿಂದ ಮಾತ್ರ, ಉಳಿದದ್ದು ನಕಲು. ಕೂಡಿ ಮುಗಿಸಿ ಒಂಬತ್ತರ ತಾಳೆ, ಅಂದರೆ ಒಂಬತ್ತರಿಂದ ಭಾಗಿಸಿದಾಗಿನ ಶೇಷ ಹೊಂದುತ್ತದೆಯೇ ಎಂದು ನೋಡಿದೆ. ಎರಡೂ ಅಪವರ್ತನಗಳ ಅಂಕಿಗಳನ್ನು ಕೂಡುತ್ತ ಹೋದರೆ ಒಂದೊಂದು ಉಳಿಯುತ್ತದೆ, ಉತ್ತರದಲ್ಲೂ ಒಂದು. ಸರಿಹೋಯಿತು. ಆದರೆ ಉತ್ತರದಲ್ಲಿ ಅಂಕಿ ಇಪ್ಪತ್ತೇ!

ನಡುವಿನ ಸೊನ್ನೆಗೆ ಸಾಲು ಬಿಡುವಾಗ ಒಂದು ಮನೆ ಎಡಕ್ಕೆ ಸರಿಯಲು ಮರೆತಿದ್ದೆ. ಹತ್ತನ್ನು ಒಂಬತ್ತರಿಂದ ಭಾಗಿಸಿದರೆ ಶೇಷ ಒಂದೇ, ಹಾಗಾಗಿ ಮನೆ ತಪ್ಪಿದರೆ ಒಂಬತ್ತರ ತಾಳೆಗೆ ಗೊತ್ತೇ ಆಗುವುದಿಲ್ಲ. ಹನ್ನೊಂದರಿಂದ ಭಾಗಿಸಿ ಶೇಷ ನೋಡುವ ತಾಳೆ ಬಿಡಲಿಲ್ಲ: ಬರಬೇಕಾದ ಶೇಷ 6, ನನ್ನ ಉತ್ತರದಲ್ಲಿ 0. ಇಪ್ಪತ್ತು ವರ್ಷ ಖಾತೆಯನ್ನು ಒಂಬತ್ತರಿಂದಲೇ ತಾಳೆ ನೋಡಿದವನು ನಾನು. ಅವತ್ತಿನಿಂದ ಎರಡನ್ನೂ ನೋಡುತ್ತೇನೆ.

ಸಾವಕಾರ್ರು ಬಂದು ಹಾಳೆ ನೋಡಿದರು. "ಇದ್ಯಾರ ಬಾಕಿ ಬರದೀರಿ?"

"ಬಾಕಿ ಅಲ್ರೀ ಸಾವಕಾರ್ರ, ಗುಣಾಕಾರ."

ಮುಂದೆ, ಕೋಲ್ ಹೇಳದಿದ್ದರೆ ನಾನೇ ಹುಡುಕಬಹುದಿತ್ತೇ ಎಂಬ ಹುಚ್ಚು ಹತ್ತಿತು. ಈ ಸಂಖ್ಯೆಯ ಅವಿಭಾಜ್ಯ ಭಾಜಕ ಯಾವುದಿದ್ದರೂ 134ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು, ಎಂಟರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು. 135, 537, 671, 1073, 1207 ಅವಿಭಾಜ್ಯಗಳಲ್ಲ, ಬಿಟ್ಟೆ. ಮೊದಲ ನಿಜವಾದ ಗಿರಾಕಿ 1609. ಎರಡನ್ನು ಆರು ಸಲ ವರ್ಗ ಮಾಡಿದರೆ 64ನೇ ಘಾತ, ಪ್ರತಿ ಸಲ 1609 ತೆಗೆದು ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. 67ನೇ ಘಾತಕ್ಕೆ ಮುಟ್ಟಲು ಕೊನೆಗೆ ಎಂಟರಿಂದ ಗುಣಿಸಿದೆ: 250 ಉಳಿಯಿತು. 1609 ಭಾಜಕವಾಗಿದ್ದರೆ ಒಂದು ಉಳಿಯಬೇಕಿತ್ತು. ಹೀಗೇ ತಟ್ಟುತ್ತ ಹೋದರೆ ಕೋಲ್‌ನ ಚಿಕ್ಕ ಅಪವರ್ತನ ಸಾಲಿನಲ್ಲಿ 7,22,790ನೆಯದು. ಒಂದಕ್ಕೆ ಹತ್ತು ನಿಮಿಷ ಹಿಡಿದರೂ ಹಗಲು ರಾತ್ರಿ ಕೂತು ಹದಿಮೂರು ವರ್ಷದ ಮೇಲೆ! ಅವನು ಹೀಗೆ ಕುರುಡಾಗಿ ತಟ್ಟಲಿಲ್ಲ, ವರ್ಗಶೇಷಗಳ ಜಾಡು ಹಿಡಿದಿದ್ದ. ಆ ಜಾಡು ನನ್ನ ಓದಿಗೆ ಮೀರಿದ್ದು.

ನನ್ನ ಕೈಗೆಟುಕಿದ್ದು ಬೇರೆ. 19,37,07,721 ಒಡೆಯುವಂತಿದ್ದರೆ ಅದರ ಚೂರುಗಳೂ ಆ 134ರ ಸಾಲಿನವೇ ಆಗಬೇಕು, ಒಂದಾದರೂ ಅದರ ವರ್ಗಮೂಲಕ್ಕಿಂತ, ಅಂದರೆ 13,918ಕ್ಕಿಂತ ಕೆಳಗಿರಬೇಕು. ಅಂಥವು ಬರೀ 51. ಮೂರು, ಐದು, ಏಳರಿಂದ ಹೋಗುವವನ್ನು ಮೊದಲೇ ಹೊಡೆದುಹಾಕಿ, ಒಂದು ಭಾನುವಾರ ಉಳಿದವನ್ನೆಲ್ಲ ಭಾಗಿಸಿ ನೋಡಿದೆ. ಯಾವುದರಿಂದಲೂ ಹೋಗಲಿಲ್ಲ. ಅವಿಭಾಜ್ಯವೇ.

ದೊಡ್ಡದಕ್ಕೆ ಇದೇ ಬಗೆಯಲ್ಲಿ 3,257 ನೋಡಬೇಕು. ಇನ್ನೂ ನಾಲ್ಕು ನೂರು ದಾಟಿಲ್ಲ, ತೊಗರಿ ಆವಕ ಶುರುವಾಯಿತು.