ಕಂಕುಳನ್ನು ಕೆಳಕ್ಕೆ ಕೊರೆಯದೆ ಹೊಲಿದ ಜಂಪರು

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ದಿನಕ್ಕೆ ನಾಲ್ಕೈದು ತಾಸು ಕೈ ಮೇಲೆತ್ತಿ ಬೋರ್ಡಿನ ಮೇಲೆ ಬರೆಯುವ ಕೆಲಸವಿದೆ. ಕೈ ಎತ್ತಿದ ಕೂಡಲೇ ಜಂಪರಿನ ಕೆಳಪಟ್ಟಿ ಎರಡು ಇಂಚು ಮೇಲೇರುತ್ತಿತ್ತು, ಕೈ ಇಳಿಸಿದರೂ ಅದು ತಾನಾಗಿ ಇಳಿಯುತ್ತಿರಲಿಲ್ಲ, ಇಪ್ಪತ್ತು ವರ್ಷ ನಾನು ಬೋರ್ಡಿನ ಕಡೆ ತಿರುಗುವ ಮೊದಲು ಸೆರಗನ್ನು ಸುತ್ತಿ ಹಿಡಿದುಕೊಂಡೇ ಪಾಠ ಮಾಡಿದ್ದೇನೆ. ಧಾರವಾಡದಲ್ಲಿ ನಾಲ್ವರು ಟೇಲರುಗಳನ್ನು ಬದಲಾಯಿಸಿದೆ. ನಾಲ್ವರೂ ಒಳ್ಳೆಯ ಕೈಗಾರರು, ಆದರೆ ನಾಲ್ವರ ಜಂಪರೂ ಏರುತ್ತಿತ್ತು. ಕೊನೆಗೆ 46ನೆಯ ವಯಸ್ಸಿನಲ್ಲಿ ನಾನೇ ಹೊಲಿಯಲು ಕಲಿತೆ. ಈಗ ನನ್ನ ಕೈಯಿಂದ ಸುಮಾರು ಮೂವತ್ತು ಜಂಪರುಗಳು ಹೊರಬಂದಿವೆ, ಕೊನೆಯ ಇಪ್ಪತ್ತರಲ್ಲಿ ಒಂದೂ ಒಂದು ಬೆರಳಿಗಿಂತ ಹೆಚ್ಚು ಮೇಲೇರುವುದಿಲ್ಲ. ನಾನು ಹಿಡಿದ ದಾರಿ ತಪ್ಪೆಂದು ಹೇಳಿದವರು ಬಹಳ ಮಂದಿ ಇದ್ದರು. ಆದ್ದರಿಂದ ಏನು ಮಾಡಿದೆ, ಎಲ್ಲಿ ಸೋತೆ ಎಂಬುದನ್ನು ಹೊಲಿಯುವವರಿಗಾಗಿಯೇ ಬರೆದಿಡುತ್ತಿದ್ದೇನೆ.

2022ರ ಬೇಸಿಗೆ ರಜೆಯಲ್ಲಿ ಮನೆಯ ಹತ್ತಿರದ ಹೊಲಿಗೆ ತರಗತಿಗೆ ಸೇರಿದೆ. ಮೂರು ತಿಂಗಳಲ್ಲಿ ಪರಕರ, ಹುಡುಗಿಯರ ಫ್ರಾಕು, ದಿಂಬಿನ ಚೀಲ ಎಲ್ಲವೂ ಬಂದವು. ನೇರವಾಗಿ ಹೊಲಿಯುವುದರಲ್ಲಿ ನನಗೆ ತೊಂದರೆಯೇ ಆಗಲಿಲ್ಲ. ಜಂಪರು ಮಾತ್ರ ಬರಲಿಲ್ಲ. ಎದೆಸುತ್ತನ್ನು ನಾಲ್ಕರಿಂದ ಭಾಗಿಸಿ ಮುಂದಕ್ಕೂ ಹಿಂದಕ್ಕೂ ಒಂದೇ ಅಳತೆ ಹಾಕಿ, ಭುಜದಿಂದ ಕಂಕುಳಿಗೆ 8 ಇಂಚು ಇಳಿಸಿ, ಕಲಿಸಿದಂತೆಯೇ ಕತ್ತರಿಸಿದೆ. ಮೊದಲ ಜಂಪರು ತೊಟ್ಟರೆ ಕಂಕುಳಲ್ಲಿ ಬಟ್ಟೆ ಮಡಿಕೆಯಾಗಿ ಕೂರುತ್ತಿತ್ತು, ಕೈ ಎತ್ತಿದರೆ ಬಿಗಿಯುತ್ತಿತ್ತು. ಕಲಿಸುವ ಅಕ್ಕ ನೋಡಿ, "ಬಗಲ ಬಿಗೀ ಆದ್ರ ಇನ್ನೊಂದು ಅರ್ಧ ಇಂಚ ಕೊರೀರಿ ಟೀಚರ, ತಾನ ಸಡ್ಲ ಆಗ್ತೈತಿ" ಎಂದರು. ಕೊರೆದೆ. ಇನ್ನಷ್ಟು ಬಿಗಿಯಿತು. ಎರಡನೆಯದನ್ನು ಎಂಟೂವರೆಗೆ, ಮೂರನೆಯದನ್ನು ಒಂಬತ್ತಕ್ಕೆ ಕತ್ತರಿಸಿದೆ. ಆ ಮೂರನೆಯ ಜಂಪರಿನಲ್ಲಿ ನನ್ನ ಕೈ ಭುಜದ ಮಟ್ಟಕ್ಕಿಂತ ಮೇಲಕ್ಕೆ ಹೋಗಲೇ ಇಲ್ಲ, ಬಲವಂತದಿಂದ ಎತ್ತಿದಾಗ ತೋಳಿನ ಹೊಲಿಗೆ ಹಿಂಬದಿಯಲ್ಲಿ ಬಿಚ್ಚಿಕೊಂಡಿತು. ನಾಲ್ಕನೆಯದು ನೀರಿನಲ್ಲಿ ನೆನೆಸದೆ ಕತ್ತರಿಸಿದ ರುಬಿಯಾ ಎಂಬ ತೆಳು ಜಂಪರು ಬಟ್ಟೆಯದು, ಮೊದಲ ಒಗೆತಕ್ಕೇ ಕೆಟ್ಟಿತು. ಐದನೆಯದರಲ್ಲಿ ಎರಡೂ ತೋಳುಗಳನ್ನು ಬಲಕ್ಕೇ ಕತ್ತರಿಸಿದ್ದೆ, ಜೋಡಿಸುವಾಗ ಗೊತ್ತಾಯಿತು.

ಹಣದ ಲೆಕ್ಕವನ್ನೂ ಹೇಳಬೇಕು, ಏಕೆಂದರೆ ಮನೆಯಲ್ಲಿ ಹೊಲಿದರೆ ಉಳಿತಾಯ ಎಂದು ಎಲ್ಲರೂ ಹೇಳುತ್ತಾರೆ, ಯಾವಾಗಿನಿಂದ ಎಂದು ಯಾರೂ ಹೇಳುವುದಿಲ್ಲ. ಹಳೆಯ ಕಾಲು ಮಷೀನು ಐದೂವರೆ ಸಾವಿರದ ಹತ್ತಿರ ಬಿತ್ತು, ಅದಕ್ಕೆ ಮೋಟರು ಕೂರಿಸಲು ಸುಮಾರು 1,600, ತರಗತಿಗೆ 2,400, ಒಳ್ಳೆಯ ಕತ್ತರಿಗೆ 450, ಹಾಳಾದ ಬಟ್ಟೆ 1,200ಕ್ಕೆ ಕಡಿಮೆಯಿಲ್ಲ, ಬಾಬಿನ್, ಸೂಜಿ, ಗುರುತು ಹಾಕುವ ಚಾಕ್, ಕಾಗದ ಎಂದು ಇನ್ನೊಂದು 600. ಒಟ್ಟು ಹನ್ನೆರಡು ಸಾವಿರದ ಸಮೀಪ. ಅಸ್ತರು (ಒಳಬಟ್ಟೆ, ಲೈನಿಂಗ್) ಹಾಕಿದ ಜಂಪರಿಗೆ ನಮ್ಮಲ್ಲಿ ಹೊಲಿಗೆ ಕೂಲಿ 400ರ ಆಸುಪಾಸು, ಅದರಲ್ಲಿ ನನಗೆ ದಾರ, ಹುಕ್ಕು, ಅಸ್ತರಿನ ಬಟ್ಟೆಗೆ 100 ಹೋಗುತ್ತದೆ. ಅಂದರೆ ಒಂದಕ್ಕೆ 300 ಉಳಿದು, ನಲವತ್ತನೆಯ ಜಂಪರಿಗೆ ಅಸಲು ಕೈಗೆ ಬರುತ್ತದೆ. ನಾನು ಇನ್ನೂ ಆ ಕಡೆಗೆ ತಲುಪಿಲ್ಲ. ಮೋಟರಿನ ದುಡ್ಡು ಮಾತ್ರ ದಂಡವೆಂದು ಈಗ ಅನ್ನಿಸುತ್ತದೆ. ಜಂಪರಿನ ಕೊರಳ ಬಾಗಿನಲ್ಲಿ ಹೊಲಿಗೆ ತಿರುಗಿಸುವಾಗ ಇವತ್ತಿಗೂ ನಾನು ಬೆಲ್ಟು ಕಳಚಿ ಕಾಲಿನಿಂದಲೇ ನಡೆಸುತ್ತೇನೆ.

ದಾರಿ ಸಿಕ್ಕಿದ್ದು ನನ್ನ ಟ್ರಂಕಿನಲ್ಲಿದ್ದ ಒಂದು ಹಳೆಯ ಜಂಪರಿನಿಂದ. ತವರಿನ ಹಳ್ಳಿಯ ವಯಸ್ಸಾದ ಟೇಲರರೊಬ್ಬರು ನನ್ನ ಮದುವೆಯ ಮುಂದಿನ ವರ್ಷ ಹೊಲಿದುಕೊಟ್ಟಿದ್ದ ಕಂದು ಬಣ್ಣದ ಜಂಪರು ಅದು. ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ ಬಿಚ್ಚಿ ನನ್ನ ಈಗಿನ ಮೈಗೂ ಹಿಡಿಸಿಕೊಂಡಿದ್ದೆ, ಅದನ್ನು ತೊಟ್ಟ ದಿನ ಸೆರಗಿನ ಚಿಂತೆ ಇರುತ್ತಿರಲಿಲ್ಲ. ಒಂದು ಭಾನುವಾರ ಅದರ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಕತ್ತರಿಸಿ, ತುಂಡುಗಳನ್ನು ನೀರು ಚಿಮುಕಿಸಿ ಇಸ್ತ್ರಿ ಮಾಡಿ, ಪುಸ್ತಕಕ್ಕೆ ಹಾಕುವ ಕಂದು ಕಾಗದದ ಮೇಲೆ ಹರಡಿದೆ. ಅತ್ತೆಯವರು ಬಾಗಿಲಲ್ಲಿ ನಿಂತು, "ಇದ್ದದ್ದೊಂದು ಛಲೋ ಜಂಪರಾನೂ ಬಿಚ್ಚಿ ಕುಂತೀಯೇನವಾ? ಹೊಸಾದು ಬರದಿದ್ರ ಏನು ಉಟ್ಕೊಂಡು ಸಾಲಿಗೆ ಹೋಗ್ತೀ?" ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು, ನನ್ನಲ್ಲಿ ಉತ್ತರವಿರಲಿಲ್ಲ.

ಕಾಗದದ ಮೇಲೆ ಗೆರೆ ಎಳೆದು ಟೇಪು ಇಟ್ಟಾಗ ನನಗೆ ನಂಬಿಕೆಯೇ ಬರಲಿಲ್ಲ. ಆ ಜಂಪರಿನ ಕಂಕುಳು ಭುಜದಿಂದ 7 ಇಂಚಿಗೇ ನಿಂತಿತ್ತು. ನಾನು ಸಡಿಲಕ್ಕಾಗಿ ಒಂಬತ್ತರವರೆಗೆ ಇಳಿಸಿದ್ದನ್ನು ಆ ಹಿರಿಯರು ಏಳಕ್ಕೇ ನಿಲ್ಲಿಸಿ, ಅದರ ಬದಲು ಮುಂಭಾಗದ ಗೆರೆಯನ್ನು ಎದೆಯ ಕಡೆಗೆ, ಕೆಳಗಿನ ಮೂರನೆಯ ಒಂದು ಪಾಲಿನಲ್ಲಿ, ಒಳಕ್ಕೆ ಬಾಗಿಸಿದ್ದರು. ಮುಂದಿನ ಗೆರೆ ಹಿಂದಿನ ಗೆರೆಗಿಂತ ಮುಕ್ಕಾಲು ಇಂಚು ಒಳಗೆ ಹೋಗಿತ್ತು. ಕಂಕುಳನ್ನು ಕೆಳಗೆ ಕೊರೆಯಬಾರದು, ಒಳಗೆ ಕೊರೆಯಬೇಕು ಎಂಬುದು ನನಗೆ ಆ ದಿನ ತಿಳಿಯಿತು.

ಗಣಿತದವಳಾದ್ದರಿಂದ ಕಾರಣವನ್ನು ಲೆಕ್ಕ ಹಾಕಿಯೇ ಒಪ್ಪಿದೆ. ಕೈ ಎತ್ತಿದಾಗ ಕಂಕುಳಿನಿಂದ ಸೊಂಟದವರೆಗಿನ ಮೈ ಉದ್ದವಾಗುತ್ತದೆ. ಜಂಪರಿನ ಪಕ್ಕದ ಹೊಲಿಗೆ ಕಂಕುಳಿನ ಬುಡದಿಂದಲೇ ಆರಂಭವಾಗಿದ್ದರೆ ಎಳೆತ ಆ ಉದ್ದನೆಯ ಹೊಲಿಗೆಯ ಮೇಲೆ ಹಂಚಿಹೋಗುತ್ತದೆ. ಎರಡು ಇಂಚು ಕೆಳಗಿನಿಂದ ಆರಂಭವಾಗಿದ್ದರೆ ತೋಳೂ ಮೈಬಟ್ಟೆಯೂ ಕೂಡುವ ಬಿಂದುವೇ ಕೈಯ ಜೊತೆ ಮೇಲೆದ್ದು, ಇಡೀ ಜಂಪರನ್ನು ತನ್ನೊಂದಿಗೆ ಎತ್ತಿಕೊಂಡು ಹೋಗುತ್ತದೆ. ನೋಡುವುದಕ್ಕೆ ದೊಡ್ಡದಾದ ತೂತು ಸಡಿಲವೆಂದು ತೋರುತ್ತದೆ, ಆದರೆ ಕೈ ಇಳಿಬಿಟ್ಟು ನಿಂತವರಿಗೆ ಮಾತ್ರ ಅದು ಸಡಿಲ. ಟ್ರಯಲ್ ನೋಡುವಾಗ ಕನ್ನಡಿಯ ಮುಂದೆ ನಾವು ನಿಲ್ಲುವುದು ಹಾಗೆಯೇ ಅಲ್ಲವೇ?

ಇದನ್ನು ಹೇಳಿದಾಗ ತರಗತಿಯ ಅಕ್ಕ ಒಪ್ಪಲಿಲ್ಲ, ಹೊಲಿಗೆ ಬಲ್ಲ ನನ್ನ ನಾದಿನಿಯೂ ಒಪ್ಪಲಿಲ್ಲ. ಏಳಕ್ಕೆ ಕತ್ತರಿಸಿದರೆ ಚರ್ಮ ಕೆಂಪಗಾಗುತ್ತದೆ ಎಂದರು. ನನ್ನ ಆರನೆಯ ಜಂಪರಿನಲ್ಲಿ ಹಾಗೆಯೇ ಆಯಿತು. ಕಂಕುಳನ್ನು ಏರಿಸಿದ್ದೆ, ತೋಳನ್ನು ಮಾತ್ರ ಹಳೆಯ ಅಳತೆಯಲ್ಲೇ ಉಳಿಸಿದ್ದೆ, ಅಲ್ಲಿ ಎಡವಿದೆ. ತೋಳಿನ ಮೇಲಿನ ಗುಮ್ಮಟದಂಥ ಬಾಗು ಎತ್ತರವಾಗಿದ್ದಷ್ಟೂ ತೋಳು ಇಳಿಬಿದ್ದಾಗ ಚೆಂದ ಕೂರುತ್ತದೆ, ಆದರೆ ಎತ್ತುವಾಗ ತಡೆಯುತ್ತದೆ. ಮೂರೂವರೆ ಇದ್ದ ಆ ಎತ್ತರವನ್ನು ಎರಡೂಮುಕ್ಕಾಲಿಗೆ ಇಳಿಸಿ, ಇಳಿಸಿದ ಬಟ್ಟೆಯನ್ನು ತೋಳಿನ ಅಗಲಕ್ಕೆ ಕೊಟ್ಟೆ. ತೋಳಿನ ಬಾಗಿನ ಉದ್ದ ತೋಳು ಕೂಡುವ ತೂತಿನ (ಆರ್ಮ್‌ಹೋಲಿನ) ಸುತ್ತಿಗಿಂತ ಅರ್ಧ ಇಂಚು ಹೆಚ್ಚಿರುವಂತೆ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಅಳೆದೆ. ಟೇಪನ್ನು ಮಲಗಿಸಿ ಬಾಗು ಅಳೆಯುವವರಿಗೆ ಕಾಲು ಇಂಚು ಯಾವಾಗಲೂ ತಪ್ಪುತ್ತದೆ, ನನಗೂ ತಪ್ಪಿತ್ತು. ಏಳನೆಯ ಜಂಪರು ತೊಟ್ಟು ಅಡುಗೆಮನೆಯ ಮೇಲಿನ ಹಲಗೆಯಿಂದ ಉಪ್ಪಿನಕಾಯಿ ಭರಣಿ ಇಳಿಸಿದೆ. ಕೆಳಪಟ್ಟಿ ಇದ್ದಲ್ಲಿಯೇ ಇತ್ತು. ಅಡ್ಡಾಡಿ ಅಡ್ಡಾಡಿ ಹತ್ತು ಸಲ ಭರಣಿ ಏರಿಸಿ ಇಳಿಸಿದೆ. ಕೈ ಇಳಿಬಿಟ್ಟಾಗ ತೋಳಿನ ಬುಡದಲ್ಲಿ ಒಂದೆರಡು ನಿರಿಗೆ ಬೀಳುತ್ತವೆ, ಅದು ನಿಜ. ಎಂಟು ತಾಸು ತೊಡುವ ಬಟ್ಟೆಯಲ್ಲಿ ಆ ನಿರಿಗೆಯನ್ನು ನಾನು ದೋಷವೆಂದು ಎಣಿಸುವುದಿಲ್ಲ.

ಎರಡನೆಯ ತಿದ್ದುಪಡಿ ನಾಲ್ಕರಿಂದ ಭಾಗಿಸುವ ಸೂತ್ರದ್ದು. ಪಕ್ಕದಿಂದ ಪಕ್ಕಕ್ಕೆ ಮುಂದೆ ಬೇರೆ, ಹಿಂದೆ ಬೇರೆ ಅಳೆಸಿದಾಗ ನನ್ನ 38 ಇಂಚಿನಲ್ಲಿ ಇಪ್ಪತ್ತೂವರೆ ಮುಂದೆ, ಹದಿನೇಳೂವರೆ ಹಿಂದೆ ಬಂತು. ಸೂತ್ರ ಎರಡಕ್ಕೂ 19 ಕೊಡುತ್ತದೆ. ಆ ಒಂದೂವರೆ ಇಂಚು ಬೆನ್ನಿನಲ್ಲಿ ಜೋಲುತ್ತಿತ್ತು, ಮುಂದೆ ಹುಕ್ಕಿನ ಪಟ್ಟಿಯನ್ನು ಎಳೆದು ಬಾಯಿ ಬಿಡಿಸುತ್ತಿತ್ತು. ಪಕ್ಕದ ಹೊಲಿಗೆ ಮುಂದಕ್ಕೆ ಸರಿದು ಬರುತ್ತಿದ್ದುದಕ್ಕೂ ಅದೇ ಕಾರಣ. ಜೊತೆಗೆ ನನ್ನ ಬಲ ಭುಜ ಎಡಕ್ಕಿಂತ ಅರ್ಧ ಇಂಚು ಇಳಿದಿದೆ, ಆದ್ದರಿಂದ ನನ್ನ ಕಾಗದದ ನಮೂನೆಯಲ್ಲಿ ಬಲ ಎಡ ಎರಡೂ ಬೇರೆ ಬೇರೆ ಇವೆ, ಬಟ್ಟೆಯನ್ನು ಮಡಿಚಿ ಒಟ್ಟಿಗೆ ಕತ್ತರಿಸುವುದನ್ನು ನಾನು ಬಿಟ್ಟಿದ್ದೇನೆ. ಸಮಯ ಹೆಚ್ಚು ಹಿಡಿಯುತ್ತದೆ, ಕಾಗದವೂ ಹೆಚ್ಚು ಹಿಡಿಯುತ್ತದೆ.

ನಡುವೆ ಮಾಡಿದ ಸಣ್ಣ ಪ್ರಯೋಗಗಳೂ ಉಪಯೋಗಕ್ಕೆ ಬಂದವು. ಪರೀಕ್ಷೆಗೆಂದು ಯಜಮಾನರ ಹಳೆಯ ಪಂಚೆಯನ್ನು ಕತ್ತರಿಸಿ ಹೊಲಿಯುತ್ತಿದ್ದೆ, ಅದರಲ್ಲಿ ಎಲ್ಲ ಜಂಪರೂ ಚೆನ್ನಾಗಿಯೇ ಕೂರುತ್ತಿತ್ತು. ಒಗೆದು ಒಗೆದು ಮೆತ್ತಗಾದ ಬಟ್ಟೆ ಎಳೆದ ಕಡೆಗೆ ಹೋಗುತ್ತದೆ, ತಪ್ಪನ್ನು ಮುಚ್ಚಿಡುತ್ತದೆ. ಆಮೇಲೆ ಹೊಸ ಮಾದರಪಾಟನ್ನು (ಒರಟು ಹತ್ತಿ ಬಟ್ಟೆಯನ್ನು) ತಂದು ಅದರಲ್ಲೇ ಕಚ್ಚಾ ಹೊಲಿಗೆ ಹಾಕಿ ನೋಡತೊಡಗಿದೆ, ತಪ್ಪುಗಳೆಲ್ಲ ಎದುರಿಗೆ ಕಂಡವು. ಇನ್ನೊಂದು ಸಲ 20 ಇಂಚಿನ ಚೌಕಗಳನ್ನು ರುಬಿಯಾ, ಅಸ್ತರಿನ ಹತ್ತಿ, ಜಂಪರಿಗೆಂದೇ ನೇಯುವ ಖಣ, ಈ ಮೂರರಿಂದಲೂ ಕತ್ತರಿಸಿ, ರಾತ್ರಿ ನೆನೆಸಿ, ನೆರಳಲ್ಲಿ ಒಣಗಿಸಿ ಅಳೆದೆ. ಅಸ್ತರು ಉದ್ದದಲ್ಲಿ ಸುಮಾರು ಒಂದು ಇಂಚು ಕುಗ್ಗಿತ್ತು, ರುಬಿಯಾ ಅದರ ಅರ್ಧದಷ್ಟು, ಖಣ ಹೆಚ್ಚುಕಡಿಮೆ ಕುಗ್ಗಲೇ ಇಲ್ಲ. ಒಗೆದ ಮೇಲೆ ಅಸ್ತರು ಜಂಪರನ್ನು ಒಳಗಿನಿಂದ ಎಳೆದು ಹೊರಬಟ್ಟೆ ಉಬ್ಬುವುದು ಇದರಿಂದಲೇ. ಈಗ ಅಸ್ತರನ್ನು ಎರಡು ಸಲ ನೆನೆಸದೆ ನಾನು ಕತ್ತರಿ ಮುಟ್ಟುವುದಿಲ್ಲ.

ಖಣದ ಮಾತು ಬಂದದ್ದರಿಂದ ಅದನ್ನೂ ಬರೆಯುತ್ತೇನೆ, ಏಕೆಂದರೆ ನನಗೆ ಅತ್ಯಂತ ಹೆಮ್ಮೆ ತಂದ ಕೆಲಸ ಅದು. ಗುಳೇದಗುಡ್ಡದ ಖಣದ ಪನ್ನ (ಅಗಲ) ಕಡಿಮೆ, ನಾನು ತಂದದ್ದು 30 ಇಂಚಿನ ಆಸುಪಾಸು ಇತ್ತು. ಎರಡೂ ಬದಿಗೆ ದಡಿ ಇರುತ್ತದೆ, ಆ ದಡಿ ತೋಳಿನ ಅಂಚಿಗೆ ಬಂದರೇನೇ ಇಳಕಲ್ ಸೀರೆಯ ಮೇಲೆ ಅದಕ್ಕೆ ಶೋಭೆ. ಕಾಲು ಮೀಟರು ಹೆಚ್ಚು ತಂದಿರಬೇಕಿತ್ತು, ಒಂದೂಕಾಲು ಮೀಟರಿನಲ್ಲಿ ಮೊಳಕೈವರೆಗಿನ ತೋಳು ಆಗದು ಎಂದು ನಾದಿನಿ ಹೇಳಿದಳು. ಕಾಗದದ ತುಂಡುಗಳನ್ನು ಊಟದ ಮೇಜಿನ ಮೇಲೆ ಎರಡು ಸಂಜೆ ಹೊರಳಿಸಿದೆ. ತೋಳುಗಳನ್ನು ಅಡ್ಡಡ್ಡಲಾಗಿ, ಒಂದರ ಅಂಚು ಈ ದಡಿಗೆ, ಇನ್ನೊಂದರ ಅಂಚು ಆ ದಡಿಗೆ ಬರುವಂತೆ ಎದುರುಬದುರು ಇಟ್ಟರೆ ಉದ್ದದಲ್ಲಿ 15 ಇಂಚು ಹೋಯಿತು, ಬೆನ್ನಿಗೆ 16, ಎರಡು ಮುಂಭಾಗಕ್ಕೆ 16. ಒಟ್ಟು 47 ಇಂಚು, ಬಟ್ಟೆ ಇದ್ದದ್ದು 49. ತೋಳುಗಳ ನಡುವೆಯೂ ಬೆನ್ನಿನ ಪಕ್ಕದಲ್ಲಿಯೂ ಉಳಿದ ತುಂಡುಗಳಲ್ಲಿ ಹುಕ್ಕಿನ ಪಟ್ಟಿ, ಕಾಜಾ ಪಟ್ಟಿ, ಕೆಳಪಟ್ಟಿ ಎಲ್ಲವೂ ಹೊರಟವು. ಎದೆಗೆ ಬಟ್ಟಲಿನಂಥ ಬೇರೆ ತುಂಡು ಜೋಡಿಸುವ ಕಟೋರಿ ಕಟ್‌ಗೆ ನಾನು ಹೋಗಲಿಲ್ಲ, ಬಟ್ಟೆಯನ್ನು ಓರೆಗೆ ತಿರುಗಿಸಿದರೆ ಖಣದ ಬುಟ್ಟಾಗಳ (ನೇಯ್ದ ಚಿಕ್ಕ ಚಿತ್ತಾರಗಳ) ಸಾಲು ಮುರಿದುಬೀಳುತ್ತದೆ. ಬಟ್ಟೆಯನ್ನು ಚೂಪಾಗಿ ಮಡಿಚಿ ಹೊಲಿಯುವ ನಾಲ್ಕು ಟಕ್ಸ್ ಸಾಕು. ಸೂಜಿ ಮಾತ್ರ ಹೊಸ 11 ನಂಬರಿನದನ್ನು ಹಾಕಬೇಕು. 14ರ ಹಳೆಯ ಸೂಜಿ ಮೊದಲ ಗೆರೆಯಲ್ಲೇ ಎಳೆ ಕಿತ್ತು, ಆ ಗುರುತು ಎಡಗಂಕುಳಿನಲ್ಲಿ ಈಗಲೂ ಇದೆ.

ಆಳದ ಹಿಂಗೊರಳು ಭುಜದಿಂದ ಜಾರದಂತೆ, ಬೆನ್ನಿಗೆ ಅಂಟಿ ಕೂರುವಂತೆ ನಾನು ಏನು ಮಾಡುತ್ತೇನೆ ಎಂದು ಸಹೋದ್ಯೋಗಿಗಳು ಕೇಳುತ್ತಿರುತ್ತಾರೆ. ಲಾಡಿ ಕಟ್ಟದೆಯೇ ಅದು ಸಾಧ್ಯ, ಕತ್ತರಿಸುವಾಗಲೇ ಕಾಗದದಲ್ಲಿ ಒಂದು ಚಿಕ್ಕ ಮಡಿಕೆ ಮಾಡಬೇಕು ಎಂಬಷ್ಟನ್ನು ಇಲ್ಲಿ ಹೇಳುತ್ತೇನೆ. ಮಡಿಕೆ ಎಲ್ಲಿ, ಎಷ್ಟು ಎಂಬುದನ್ನು ಹೇಳುವುದಿಲ್ಲ. ಅದನ್ನು ಹಿಡಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು, ಎದುರಿಗೆ ಕುಳಿತು ಕಲಿಯುವವರಿಗೆ ತೋರಿಸಬಲ್ಲೆ.

ಕಳೆದ ದೀಪಾವಳಿಗೆ ನಾದಿನಿ ತನ್ನ ಮೂರು ಜಂಪರುಗಳನ್ನು ತಂದು, ಕಂಕುಳನ್ನು ಏರಿಸಿಕೊಡು ಎಂದಳು. ಕೊರೆದುಹೋದ ಬಟ್ಟೆಯನ್ನು ಏರಿಸಲಾಗುವುದಿಲ್ಲ. ಹೊಸದಾಗಿ ಹೊಲಿದುಕೊಟ್ಟೆ, ಕೂಲಿ ತೆಗೆದುಕೊಳ್ಳಲಿಲ್ಲ. ಈಗ ಅತ್ತೆಯವರದ್ದು ನಡೆದಿದೆ. ಅವರ ಬೆನ್ನು ಬಾಗಿರುವುದರಿಂದ ನನ್ನ ಲೆಕ್ಕಗಳು ಅಲ್ಲಿ ನಡೆಯುತ್ತಿಲ್ಲ. ಹಿಂಭಾಗ ಮುಂಭಾಗಕ್ಕಿಂತ ಒಂದು ಇಂಚು ಉದ್ದ ಬೇಕು, ಕೊರಳು ಮುಂದಕ್ಕೆ ಸರಿಯಬೇಕು, ಹುಕ್ಕುಗಳು ಅವರ ಬೆರಳಿಗೆ ಸಿಗುವಷ್ಟು ದೊಡ್ಡವಿರಬೇಕು. ಮಾದರಪಾಟಿನ ಮೊದಲ ಜಂಪರನ್ನು ತೊಟ್ಟು ನೋಡಿ, "ಬೆನ್ನಾಗ ಇನ್ನೂ ಸ್ವಲ್ಪ ಎಳೀತೈತಿ ನೋಡವಾ" ಎಂದರು. ಎರಡನೆಯದನ್ನು ಈ ಭಾನುವಾರ ಕತ್ತರಿಸುತ್ತೇನೆ.